ಸೆಗಣಿಯಿಂದ ಬೆಳಕು ತಂದ ವಿಜ್ಞಾನಿ

ಸೊಲ್ಲಾಪುರ, ಅಕ್ಕಲಕೋಟೆಯ ಒಣ ಸೀಮೆಯ ನಾವು ಹೆಂಡಿಯನ್ನು ಕುಳ್ಳು ತಟ್ಟಿ ಒಲೆಗೆ ಹಾಕುತ್ತ ಬಂದವರು. ಕುಳ್ಳು ಉರಿದರೆ ರೊಟ್ಟಿಯೇನೋ ಬೇಯುತ್ತದೆ. ಆದರೆ ಹೊಲಕ್ಕೆ ಸೇರಬೇಕಾದ ಗೊಬ್ಬರ ಬೂದಿಯಾಗುತ್ತದೆ. ತಾಯಂದಿರ ಕಣ್ಣಿಗೆ ಹೊಗೆ ತುಂಬುತ್ತದೆ. ಉರುವಲೂ ಸಿಗಬೇಕು, ಗೊಬ್ಬರವೂ ಉಳಿಯಬೇಕು. ಈ ಒಗಟನ್ನು ಬಿಡಿಸಲು ದುಡಿದವರಲ್ಲಿ ಡಾ. ಅಮೂಲ್ಯ ಕುಮಾರ್ ರೆಡ್ಡಿಯವರು ಪ್ರಮುಖರು.

ರೆಡ್ಡಿಯವರು 1930ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಜನಿಸಿದರು. ಅಲ್ಲಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಾನ್ ಬಾಕ್ರಿಸ್ ಅವರೊಡನೆ ಬರೆದು 1970ರಲ್ಲಿ ಪ್ರಕಟಿಸಿದ ಪಠ್ಯಗ್ರಂಥದಿಂದ ಅವರು ಜಗತ್ತಿಗೆಲ್ಲ ಪರಿಚಿತರಾದರು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ವಿಜ್ಞಾನವು ಬಡವನ ಗುಡಿಸಲನ್ನು ಮುಟ್ಟಬೇಕೆಂದು ಬಗೆದು, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು.

ಸೆಗಣಿಗೆ ನೀರು ಬೆರೆಸಿ ಗಾಳಿಯಾಡದ ಗುಂಡಿಯಲ್ಲಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಉರಿಯುವ ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಎಲೆ, ಕಸಕಡ್ಡಿಗಳಿಂದಲೂ ಈ ಅನಿಲ ಬರುತ್ತದೆ. ಉಳಿದ ಬಗ್ಗಡ ಒಳ್ಳೆಯ ಗೊಬ್ಬರ. ಇದನ್ನೇ ನಾವು ಗೋಬರ್ ಗ್ಯಾಸ್ ಎನ್ನುತ್ತೇವೆ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ರೆಡ್ಡಿಯವರ ತಂಡ ಇಡೀ ಊರಿಗೊಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮೊದಲ ಉದ್ದೇಶ ಅಡುಗೆ. ಆದರೆ ಊರಿನ ಸೆಗಣಿಯಿಂದ ಎಲ್ಲ ಮನೆಗಳ ಒಲೆಗೂ ಸಾಲುವಷ್ಟು ಅನಿಲ ಬರಲಿಲ್ಲ, ಪ್ರಯತ್ನ ನಿಂತುಹೋಯಿತು. ವಿಜ್ಞಾನಿಗಳು ಊರವರ ಮಾತಿಗೆ ಕಿವಿಗೊಟ್ಟರು. ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಕುಡಿಯುವ ನೀರು! ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಹರಿಸಿದರು. 1987ರಿಂದ ಮನೆಗಳಿಗೆ ವಿದ್ಯುದ್ದೀಪವೂ ಬಂತು. ಸೆಗಣಿ ತಂದ ಮನೆಗೆ ಅದರ ಪಾಲಿನ ಗೊಬ್ಬರ ಮರಳಿ ದೊರೆಯುತ್ತಿತ್ತು. ಊರವರ ಸಮಿತಿಯೇ ಉಸ್ತುವಾರಿ ನೋಡುತ್ತಿತ್ತು. ಈ ವ್ಯವಸ್ಥೆ ಹಲವು ವರ್ಷ ನಡೆಯಿತು.

ರೆಡ್ಡಿಯವರಿಗೆ 2000ದಲ್ಲಿ ಮೂವರು ಸಹಲೇಖಕರೊಡನೆ ವೋಲ್ವೋ ಪರಿಸರ ಪ್ರಶಸ್ತಿ ಸಂದಿತು. 2006ರ ಮೇ 7ರಂದು ಅವರು ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ದೊಡ್ಡ ವಿದ್ವಾಂಸರಾಗಿದ್ದೂ ರೆಡ್ಡಿಯವರು ಹಳ್ಳಿಗರ ಮಾತಿನಿಂದ ಕಲಿತರು. ನಮ್ಮ ಹಿತ್ತಲಿನ ತಿಪ್ಪೆಯಲ್ಲಿಯೂ ಬೆಳಕಿದೆ, ಬೆಳೆಯಿದೆ. ಅದನ್ನು ಹೊರತೆಗೆಯುವ ಮುನ್ನ ಊರಿಗೆ ಏನು ಬೇಕೆಂದು ಕೇಳುವುದನ್ನು ನಾವೂ ಕಲಿಯೋಣ.