ಬರಿಗಾಲಿನ ಗೆಳೆಯರಿಗಾಗಿ ಬರೆದ ಹಾಡುಗಳು

ನಾಲ್ಕನೆಯ ತರಗತಿಯಲ್ಲಿದ್ದಾಗ ಉಪಾಧ್ಯಾಯರೊಬ್ಬರು ನನ್ನನ್ನು ಪ್ರಾರ್ಥನೆಯ ಸಾಲಿನ ಹಿಂದಕ್ಕೆ ಸರಿಸಿ, ತುಟಿಯನ್ನಷ್ಟೇ ಆಡಿಸಿದರೆ ಸಾಕು ಎಂದು ಸೂಚಿಸಿದ್ದರು. ನನ್ನ ಕಂಠ ಶ್ರುತಿಗೆ ಕೂಡುವುದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ನಲವತ್ತು ವರ್ಷ ಅದನ್ನು ನಂಬಿಕೊಂಡೇ ಬಂದೆ. ಹಂಗೇರಿಯ ಸಂಗೀತಗಾರ ಜೊಲ್ತಾನ್ ಕೊಡಾಯ್ ಅವರ ಜೀವನವನ್ನು ಓದಿದ ಮೇಲೆಯೇ ಆ ತೀರ್ಮಾನದ ಬಗ್ಗೆ ನನ್ನಲ್ಲಿ ಸಂಶಯ ಮೂಡಿತು.

ಕೊಡಾಯ್ ಹುಟ್ಟಿದ್ದು 1882ರ ಡಿಸೆಂಬರ್ 16ರಂದು, ಕೆಚ್ಕೆಮೇತ್ ಪಟ್ಟಣದಲ್ಲಿ. ತಂದೆ ರೈಲ್ವೆ ನೌಕರ. ವರ್ಗಾವಣೆಯಿಂದಾಗಿ ಬಾಲಕನ ಆರಂಭದ ವರ್ಷಗಳು ಈಗ ಸ್ಲೊವಾಕಿಯಾಕ್ಕೆ ಸೇರಿರುವ ಗಲಾಂತದಲ್ಲಿ ಕಳೆದವು. ಮನೆಯಲ್ಲಿ ಪಿಟೀಲು, ಪಿಯಾನೊಗಳ ನಾದ. ಶಾಲೆಯಲ್ಲಿ ಬರಿಗಾಲಿನ ಹಳ್ಳಿಯ ಮಕ್ಕಳ ಸಹವಾಸ. ಎರಡನೆಯದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

1905ರಲ್ಲಿ ಅವರು ಜನಪದ ಗೀತೆಗಳ ಸಂಗ್ರಹಕ್ಕೆಂದು ಹಳ್ಳಿಗಳಿಗೆ ಹೊರಟರು. ಮರುವರ್ಷ ಬೇಲಾ ಬಾರ್ತೋಕ್ ಅವರೊಡಗೂಡಿ ಅಂಥ ಇಪ್ಪತ್ತು ಗೀತೆಗಳನ್ನು ಪ್ರಕಟಿಸಿದರು. ಬುಡಾಪೆಸ್ಟ್‌ನ ಸಂಗೀತ ಅಕಾಡೆಮಿಯಲ್ಲಿ ಅಧ್ಯಾಪಕರಾದರು. 1923ರ ‘ಪ್ಸಾಲ್ಮುಸ್ ಹಂಗಾರಿಕುಸ್’ ಕೃತಿ ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು. ಇಷ್ಟಕ್ಕೆ ತೃಪ್ತರಾಗಿ ದೊಡ್ಡ ಕೃತಿಗಳನ್ನಷ್ಟೇ ಬರೆಯುತ್ತ ಉಳಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆದರೆ 1925ರಲ್ಲಿ, ಶಾಲೆಯಲ್ಲಿ ಕಲಿತ ಹಾಡುಗಳನ್ನು ವಿದ್ಯಾರ್ಥಿಗಳು ಹಾಡುತ್ತಿದ್ದುದು ಅವರ ಕಿವಿಗೆ ಬಿತ್ತು. ಹಾಡುಗಳೂ ಕಳಪೆ, ಹಾಡಿಕೆಯೂ ಕಳಪೆ. ತಪ್ಪು ಮಕ್ಕಳದಲ್ಲ, ಕಲಿಸಿದವರದು ಎಂದು ಅವರಿಗೆ ಮನವರಿಕೆಯಾಯಿತು. ಅದೇ ವರ್ಷ ಮಕ್ಕಳ ವೃಂದಗಾನಕ್ಕಾಗಿ ಕೃತಿಗಳನ್ನು ರಚಿಸಿದರು. 1929ರ ಲೇಖನವೊಂದರಲ್ಲಿ, ರಾಜಧಾನಿಯ ಅಪೆರಾ ಮಂದಿರದ ನಿರ್ದೇಶಕ ಯಾರೆಂಬುದಕ್ಕಿಂತ ಸಣ್ಣ ಊರಿನ ಶಾಲೆಗೆ ಹಾಡಿನ ಮೇಷ್ಟ್ರು ಯಾರೆಂಬುದೇ ಮುಖ್ಯವೆಂದು ವಾದಿಸಿದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಹಿಂದಿನ ಸಾಲು.

ಇಂದು ಜಗತ್ತಿನಾದ್ಯಂತ ‘ಕೊಡಾಯ್ ಪದ್ಧತಿ’ ಎನ್ನುತ್ತಾರೆ. ನಿಜವಾಗಿ ಅದರ ಬಿಡಿಭಾಗಗಳಲ್ಲಿ ಎರವಲೇ ಹೆಚ್ಚು. ಸ್ವರಕ್ಕೊಂದು ಕೈಸನ್ನೆ ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದ ಬಂದದ್ದು. ಬೋಧನಾಕ್ರಮವನ್ನು ರೂಪಿಸಿದವರಲ್ಲಿ ಶಿಷ್ಯ ಯೆನೋ ಆದಾಮ್ ಪ್ರಮುಖರು. ಅದರಲ್ಲಿ ‘ದೊ’ ಎಂಬುದು ಗೊತ್ತಾದ ಒಂದೇ ಸ್ಥಾಯಿಯ ಸ್ವರವಲ್ಲ. ಹಾಡುವವರ ಅನುಕೂಲಕ್ಕೆ ತಕ್ಕಂತೆ ಎಲ್ಲಿ ಬೇಕಾದರೂ ನೆಲೆಗೊಳ್ಳಬಹುದು. ನಮ್ಮ ಷಡ್ಜವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಮೊದಲ ಪಾಠ ಬೇರೆ. ನಾವು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಆರಂಭಿಸುತ್ತೇವೆ. ಅಲ್ಲಿ ‘ಸೊ’, ‘ಮಿ’ ಎಂಬ ಎರಡೇ ಸ್ವರ. ನಮ್ಮ ಪಂಚಮದಿಂದ ಅಂತರ ಗಾಂಧಾರಕ್ಕೆ ಇಳಿಯುವಷ್ಟೇ ದೂರ. ಆಟದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೂಗಿ ಕರೆಯುವ ಧಾಟಿ. ವಾದ್ಯ ಬೇಡ, ಹಣ ಬೇಡ, ಕಂಠ ಸಾಕು. ಹಾಡಬಲ್ಲವರನ್ನು ಆರಿಸಿ ಉಳಿದವರನ್ನು ಬಿಡುವ ಪ್ರಶ್ನೆಯೇ ಅಲ್ಲಿಲ್ಲ.

ಈ ವಿಚಾರ ಶಾಲೆಯ ರೂಪ ತಾಳಲು ಬಹುಕಾಲ ಹಿಡಿಯಿತು. ನಡುವೆ ಮಹಾಯುದ್ಧ ಬಂತು. ಬುಡಾಪೆಸ್ಟ್ ಮುತ್ತಿಗೆಗೆ ಸಿಕ್ಕಿತು. ಅವರ ‘ಮಿಸ್ಸಾ ಬ್ರೆವಿಸ್’ 1945ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡದ್ದು ಅಪೆರಾ ಮಂದಿರದಲ್ಲಿ ಕೋಟು ಕಳಚಿಡುವ ಕೋಣೆಯಲ್ಲಿ. ಕೊನೆಗೆ 1950ರಲ್ಲಿ, ಅವರ ಹುಟ್ಟೂರಿನಲ್ಲಿಯೇ, ಮಾರ್ತಾ ನೆಮೆಶ್‌ಸೆಗಿ ಎಂಬ ಶಿಕ್ಷಕಿ ದಿನವೂ ಹಾಡಿನ ಪಾಠವಿರುವ ಪ್ರಾಥಮಿಕ ಶಾಲೆಯನ್ನು ಆರಂಭಿಸಿದರು. ಕೊಡಾಯ್‌ಗೆ ಆಗ ಅರುವತ್ತೇಳು. 1967ರ ಮಾರ್ಚ್ 6ರಂದು ಅವರು ತೀರಿಕೊಳ್ಳುವ ವೇಳೆಗೆ ಹಂಗೇರಿಯಲ್ಲಿ ಅಂಥ ಶಾಲೆಗಳು ನೂರನ್ನು ಮೀರಿದ್ದವು. ಗಣಿತಕ್ಕೆ ಸಮಯ ಸಾಲದೆಂದು ಹಾಡಿನ ಪೀರಿಯಡ್ಡನ್ನು ಕಸಿದುಕೊಳ್ಳುವುದನ್ನು ಕಂಡು ಬೆಳೆದ ನನಗೆ ಇದೇ ದೊಡ್ಡ ಸೋಜಿಗ.

1937ರಲ್ಲಿ ಅವರು ಎರಡು ಕಂಠಗಳ ಪುಟ್ಟ ಹಾಡುಗಳ ಸಂಪುಟವನ್ನು ಹೊರತಂದರು. ಹೆಸರು ‘ಬಿಸಿನಿಯಾ ಹಂಗಾರಿಕಾ’. ಅವನ್ನು ಬರೆಯುವಾಗ ಮನಸ್ಸಿನಲ್ಲಿದ್ದವರು ಗಲಾಂತ ಶಾಲೆಯ ಆ ಬರಿಗಾಲಿನ ಗೆಳೆಯರೇ ಎಂದು ಸ್ವತಃ ನಮೂದಿಸಿದ್ದಾರೆ. ಆ ಪುಸ್ತಕವನ್ನು ತರಿಸಿಕೊಂಡು, ಈ ವಯಸ್ಸಿನಲ್ಲಿ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿಯುತ್ತಿದ್ದೇನೆ. ಸಂಜೆ ಹೊತ್ತು ಮೊದಲ ಕಂಠವನ್ನು ನಾನು ಹಾಡುತ್ತೇನೆ. ಎರಡನೆಯದನ್ನು ಮೂರನೆಯ ತರಗತಿಯ ಮೊಮ್ಮಗಳು. ನಾನು ತಪ್ಪಿದಾಗ ಅವಳು ನಿಲ್ಲಿಸುತ್ತಾಳೆ, ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾಳೆ.