ಕಂಪ್ಯೂಟರಿನ ಕನ್ನಡಕ್ಕಾಗಿ ದುಡಿದ ಕಾಡಿನ ಲೇಖಕ ತೇಜಸ್ವಿ

ಭರಮಸಾಗರ: ಪುಣೆ-ಬೆಂಗಳೂರು ಹೆದ್ದಾರಿಯ ಭರಮಸಾಗರದಲ್ಲಿ ಬೆರಳಚ್ಚು ಮಾಡಿದ ಲಗ್ನಪತ್ರಿಕೆಯೊಂದು ಚಿತ್ರದುರ್ಗದ ಮುದ್ರಣಾಲಯ ತಲುಪುವಷ್ಟರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಬಿಡಬಹುದಾಗಿದ್ದ ಕಾಲವೊಂದಿತ್ತು. ಎರಡೂ ಕಡೆ ಇದ್ದುದು ಕನ್ನಡವೇ. ಆದರೆ ತಂತ್ರಾಂಶ ಬೇರೆ. ನಾಡಿನಾದ್ಯಂತ ಕಾಡಿದ ಈ ತೊಡಕನ್ನು ತಮ್ಮ ಕೊನೆಯ ವರ್ಷಗಳಲ್ಲಿ ಹಠ ಹಿಡಿದು ಬೆನ್ನಟ್ಟಿದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ 1938ರ ಸೆಪ್ಟೆಂಬರ್ 8ರಂದು ಕುವೆಂಪು ಅವರ ಪುತ್ರರಾಗಿ ಜನಿಸಿದ ತೇಜಸ್ವಿ, ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದರು. ಅಧ್ಯಾಪಕ ವೃತ್ತಿಯ ಸಿದ್ಧ ಹಾದಿ ಎದುರಿಗಿದ್ದರೂ ಅವರು ಹೊರಟದ್ದು ಮೂಡಿಗೆರೆಯ ಕಾಫಿ ತೋಟಕ್ಕೆ. ‘ಅಬಚೂರಿನ ಪೋಸ್ಟಾಫೀಸು’, ‘ಕರ್ವಾಲೊ’ ಕೃತಿಗಳು ಬಂದವು. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇದು ಓದುಗರೆಲ್ಲ ಬಲ್ಲ ತೇಜಸ್ವಿ.

ಹಕ್ಕಿಗಳ ಛಾಯಾಗ್ರಹಣ, ಮೀನು ಶಿಕಾರಿ, ಯಂತ್ರಗಳ ರಿಪೇರಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಸ್ವಭಾವದವರಿಗೆ ಕಂಪ್ಯೂಟರ್ ಕೂಡ ಅಂಥದೇ ಒಂದು ಸಲಕರಣೆಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ‘ಪುಸ್ತಕ ಪ್ರಕಾಶನ’ದ ಮೂಲಕ ತಮ್ಮ ಕೃತಿಗಳನ್ನು ತಾವೇ ಹೊರತರುತ್ತಿದ್ದುದರಿಂದ ಅಕ್ಷರ ಜೋಡಣೆಯ ಕಷ್ಟ ಅವರಿಗೆ ಕೇಳಿ ತಿಳಿದದ್ದಾಗಿರಲಿಲ್ಲ.

ಕಷ್ಟದ ಮೂಲ ಸರಳವಾಗಿತ್ತು. ಅಂದಿನ ತಂತ್ರಾಂಶಗಳು ಕನ್ನಡ ಅಕ್ಷರಗಳ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದವು. ಪರದೆಯ ಮೇಲೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷಿನ ವೇಷ. ಶ್ರೀಲಿಪಿ, ಆಕೃತಿ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಹೀಗೆ ಆಯ್ಕೆ ಹಲವಿದ್ದರೂ ಒಂದರ ಕಡತ ಇನ್ನೊಂದಕ್ಕೆ ಸಲೀಸಾಗಿ ಹೊಂದುತ್ತಿರಲಿಲ್ಲ. ಪದ ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಮುಂತಾದ, ಇಂಗ್ಲಿಷಿನಲ್ಲಿ ಕ್ಷಣದಲ್ಲಿ ಮುಗಿಯುವ ಕೆಲಸಗಳು ಕನ್ನಡದಲ್ಲಿ ದುಸ್ಸಾಧ್ಯವಾಗಿದ್ದವು. ಅಕ್ಷರಕ್ಕೊಂದು ಖಾಯಂ ಸಂಕೇತ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಶೈಲಿಯೂ ಬಂದಿತ್ತು. ಆದರೂ ಕಚೇರಿಗಳೂ ಮುದ್ರಣಾಲಯಗಳೂ ಹಳೆಯ ಹಾದಿ ಬಿಡಲಿಲ್ಲ.

ತೇಜಸ್ವಿಯವರ ತಕರಾರು ಇಲ್ಲಿಂದಲೇ. ಕಂಪ್ಯೂಟರಿನಲ್ಲಿ ಸಲೀಸಾಗಿ ಬಳಸಲಾಗದ ಭಾಷೆಯನ್ನು ಮುಂದಿನ ಪೀಳಿಗೆ ಕೈಬಿಡುತ್ತದೆಂಬ ಆತಂಕ ಅವರದು. ಕನ್ನಡದ ತಂತ್ರಾಂಶ ಯಾವುದೋ ಒಂದು ಸಂಸ್ಥೆಯ ಸ್ವತ್ತಾಗಿ ಉಳಿಯಬಾರದೆಂದೂ ಅವರು ವಾದಿಸಿದರು. ಕಥೆಗಾರನಿಗೇಕೆ ಈ ಉಸಾಬರಿ ಎಂದು ಕೇಳುವವರಿಗೆ ಅವರ ಉತ್ತರ ಮಾತಿನಲ್ಲಿರಲಿಲ್ಲ, ಕೆಲಸದಲ್ಲಿತ್ತು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ತಂತ್ರಾಂಶವೊಂದನ್ನು ರೂಪಿಸಿತು. ಅದಕ್ಕೆ ಇಟ್ಟ ಹೆಸರು ‘ಕುವೆಂಪು’. ಮಗನ ಛಲಕ್ಕೆ ತಂದೆಯ ಹೆಸರು ಕೂಡಿಕೊಂಡದ್ದು ಆಕಸ್ಮಿಕವೇನಲ್ಲ. ಕನ್ನಡದಲ್ಲಿ ವಿಜ್ಞಾನ ಹೇಳಬಹುದೆಂದು ಬರೆದು ತೋರಿಸಿದವರು ಕುವೆಂಪು.

2007ರ ಏಪ್ರಿಲ್ 5ರಂದು ಮೂಡಿಗೆರೆ ಬಳಿಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೇಜಸ್ವಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 68 ವರ್ಷ. ಅಂಗೈಯ ಮೊಬೈಲಿನಲ್ಲಿ ಯೂನಿಕೋಡ್ ಕನ್ನಡ ಮನೆಮಾತಾದುದನ್ನು ಅವರು ಕಾಣಲಿಲ್ಲ.

ಕೆಲಸ ಮಾತ್ರ ಇನ್ನೂ ಉಳಿದಿದೆ. ಹಳೆಯ ಅಕ್ಷರಶೈಲಿಗಳಲ್ಲಿ ಸಿಲುಕಿದ ಪುಸ್ತಕ, ಕಡತಗಳನ್ನು ಯೂನಿಕೋಡ್‌ಗೆ ತರಲು ಪರಿವರ್ತಕ ತಂತ್ರಾಂಶಗಳಿವೆ. ಆದರೆ ಅರ್ಕಾವತ್ತು, ಒತ್ತಕ್ಷರ ಬಂದೆಡೆ ಅವು ಎಡವುವುದುಂಟು. ಅಲ್ಲಿ ಮನುಷ್ಯನೇ ಕುಳಿತು ಸಾಲುಸಾಲಾಗಿ ತಿದ್ದಬೇಕು.