ತೊಲೆಯ ಲೆಕ್ಕ ಹಾಕಿದ ಗೆಲಿಲಿಯೊ

ಮಕ್ಕಳೇ, ಹಂಪಿಗೆ ಪ್ರವಾಸ ಹೋದಾಗ ಅಲ್ಲಿನ ಮಂಟಪಗಳ ಒಳಗೆ ನಿಂತು ಮೇಲೆ ನೋಡಿದ್ದೀರಾ? ಸಾಲು ಸಾಲು ಕಂಬಗಳು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಅಡ್ಡಲಾಗಿ ಇಟ್ಟ ಕಲ್ಲಿನ ತೊಲೆಗಳು. ಅವುಗಳ ಮೇಲೆ ಚಪ್ಪಡಿಗಳ ಛಾವಣಿ. ಕಂಬಗಳನ್ನು ಅಷ್ಟು ಹತ್ತಿರ ಹತ್ತಿರ ಏಕೆ ನಿಲ್ಲಿಸಿದ್ದಾರೆ? ತೊಲೆ ಇನ್ನೂ ಉದ್ದವಾಗಿದ್ದರೆ ಏನಾಗುತ್ತಿತ್ತು?

ಅಲ್ಲಿನ ಶಿಲ್ಪಿಗಳು ಇದನ್ನೆಲ್ಲ ಅನುಭವದಿಂದ ತಿಳಿದಿದ್ದರು. ತೊಲೆಯ ಬಲವನ್ನು ಗಣಿತದಿಂದ ತಿಳಿಯಲು ಹೊರಟವರಲ್ಲಿ ಮೊದಲಿಗ ಇಟಲಿಯ ಗೆಲಿಲಿಯೊ ಗೆಲಿಲಿ. 1565ರ ಜನವರಿಯಲ್ಲಿ ತಾಳೀಕೋಟೆ ಯುದ್ಧ ನಡೆದಾಗ ಅವನು ಇನ್ನೂ ಒಂದು ವರ್ಷ ತುಂಬದ ಕೂಸು.

ಬಾಲ್ಯ ಮತ್ತು ಓದು

ಗೆಲಿಲಿಯೊ ಹುಟ್ಟಿದ್ದು 1564ರ ಫೆಬ್ರವರಿ 15ರಂದು, ಪೀಸಾ ಪಟ್ಟಣದಲ್ಲಿ. ತಂದೆ ವಿನ್ಸೆಂಜೊ ಸಂಗೀತಗಾರ. ಮಗ ವೈದ್ಯನಾಗಲೆಂದು ತಂದೆ ಅವನನ್ನು ಪೀಸಾ ವಿಶ್ವವಿದ್ಯಾಲಯಕ್ಕೆ ಸೇರಿಸಿದ. ಆದರೆ ಹುಡುಗನ ಮನಸ್ಸು ಗಣಿತದ ಕಡೆಗೆ ವಾಲಿತು. 1585ರಲ್ಲಿ ಪದವಿ ಪಡೆಯದೆಯೇ ಕಾಲೇಜು ಬಿಟ್ಟ. ಆದರೂ 1589ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕನಾದ!

1592ರಲ್ಲಿ ಅವನು ಪಡುವಾ ವಿಶ್ವವಿದ್ಯಾಲಯಕ್ಕೆ ಹೋದ. ಸಮೀಪದ ವೆನಿಸ್ ನಗರದಲ್ಲಿ ಹಡಗು ಕಟ್ಟುವ ದೊಡ್ಡ ಕಾರ್ಖಾನೆ ಇತ್ತು. ಅಲ್ಲಿನ ಕುಶಲಕರ್ಮಿಗಳ ಕೆಲಸ ಅವನಲ್ಲಿ ಪ್ರಶ್ನೆಗಳನ್ನು ಹುಟ್ಟಿಸಿತು. ಚಿಕ್ಕ ಹಡಗಿಗೆ ಬೇಡವಾದ ಆಸರೆ ದೊಡ್ಡ ಹಡಗಿಗೆ ಏಕೆ ಬೇಕು?

1609ರಲ್ಲಿ ಅವನು ದೂರದರ್ಶಕ ತಯಾರಿಸಿ ಆಕಾಶದತ್ತ ತಿರುಗಿಸಿದ. ಮರುವರ್ಷ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡ. ಅವನ ಹೆಸರು ಯುರೋಪಿನಲ್ಲೆಲ್ಲ ಹರಡಿತು.

ಮನೆಯೇ ಸೆರೆಮನೆ

ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ವಿಚಾರವನ್ನು ಅವನು 1632ರಲ್ಲಿ ಪುಸ್ತಕವಾಗಿ ಬರೆದ. ಮರುವರ್ಷ ಧರ್ಮಾಧಿಕಾರಿಗಳು ಅವನನ್ನು ವಿಚಾರಣೆಗೆ ಗುರಿಪಡಿಸಿದರು. 69 ವರ್ಷದ ಮುದುಕ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಫ್ಲಾರೆನ್ಸ್ ಬಳಿಯ ಮನೆಯಲ್ಲಿ ಅವನನ್ನು ಗೃಹಬಂಧನದಲ್ಲಿ ಇಟ್ಟರು. 1634ರಲ್ಲಿ ಅವನ ಅಕ್ಕರೆಯ ಮಗಳು ತೀರಿಕೊಂಡಳು. ಕಣ್ಣುಗಳೂ ಮಂಜಾಗತೊಡಗಿದವು.

ಇಂಥ ದಿನಗಳಲ್ಲೂ ಅವನು ಸುಮ್ಮನೆ ಕೂರಲಿಲ್ಲ. ಯುವಕನಾಗಿದ್ದಾಗಿನ ಪ್ರಶ್ನೆಗಳನ್ನು ಮತ್ತೆ ಕೈಗೆತ್ತಿಕೊಂಡ. 'ಎರಡು ಹೊಸ ವಿಜ್ಞಾನಗಳು' ಎಂಬ ಗ್ರಂಥ ಸಿದ್ಧವಾಯಿತು. ಇಟಲಿಯಲ್ಲಿ ಅದನ್ನು ಅಚ್ಚು ಹಾಕಿಸುವಂತಿರಲಿಲ್ಲ. 1638ರಲ್ಲಿ ಅದು ದೂರದ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಅಚ್ಚಾಯಿತು. ಆ ಹೊತ್ತಿಗೆ ಗೆಲಿಲಿಯೊ ಕುರುಡನಾಗಿದ್ದ.

ಮೂರನೆಯ ಆಸರೆ

ಆ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಅಮೃತಶಿಲೆಯ ದೊಡ್ಡ ಕಂಬವೊಂದನ್ನು ಅಡ್ಡಲಾಗಿ ಮಲಗಿಸಿದ್ದರು. ಎರಡು ತುದಿಗಳ ಕೆಳಗೆ ಒಂದೊಂದು ಮರದ ದಿಮ್ಮಿ. ಕಂಬ ತನ್ನ ಭಾರಕ್ಕೇ ನಡುವೆ ಮುರಿದೀತೆಂದು ಒಬ್ಬ ಕೆಲಸಗಾರನಿಗೆ ಅನುಮಾನ ಬಂತು. ಮಧ್ಯಕ್ಕೂ ಒಂದು ದಿಮ್ಮಿ ಕೊಡಲು ಹೇಳಿದ. ಹೆಚ್ಚಿನವರಿಗೆ ಇದು ಒಳ್ಳೆಯ ಉಪಾಯವೆನಿಸಿತು. ಆದರೆ ಕೆಲವೇ ತಿಂಗಳಲ್ಲಿ ಕಂಬ ಒಡೆಯಿತು. ಅದೂ ಹೊಸ ದಿಮ್ಮಿಯ ನೇರ ಮೇಲೆ!

ಏಕೆ ಹೀಗಾಯಿತು? ಒಂದು ತುದಿಯ ಹಳೆಯ ದಿಮ್ಮಿ ಕೊಳೆತು ಕುಸಿದಿತ್ತು. ನಡುವಿನ ಹೊಸ ದಿಮ್ಮಿ ಗಟ್ಟಿಯಾಗಿಯೇ ಇತ್ತು. ಹಾಗಾಗಿ ಅರ್ಧ ಕಂಬ ಆಸರೆಯಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತು. ಅದರ ಭಾರಕ್ಕೆ ನಡುವಿನ ದಿಮ್ಮಿಯ ಮೇಲ್ಭಾಗದಲ್ಲಿ ಕಲ್ಲು ಎಳೆತಕ್ಕೆ ಸಿಕ್ಕಿತು. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಎರಡೇ ದಿಮ್ಮಿ ಇದ್ದಿದ್ದರೆ ಕುಸಿದ ಕಡೆಗೆ ಕಂಬ ತುಸು ವಾಲುತ್ತಿತ್ತು, ಅಷ್ಟೆ.

ತೊಲೆಯ ಬಲ ಅದರ ಕಲ್ಲು, ಮರದಲ್ಲಿ ಮಾತ್ರ ಇಲ್ಲ. ಅದನ್ನು ಎಲ್ಲಿ, ಹೇಗೆ ಹಿಡಿದಿದ್ದೇವೆ ಎಂಬುದರಲ್ಲೂ ಇದೆ ಎಂಬುದು ಈ ಪ್ರಸಂಗದ ಪಾಠ.

ಒಂದು ತುದಿಯನ್ನು ಗೋಡೆಯಲ್ಲಿ ಹುದುಗಿಸಿದ ತೊಲೆಯ ಲೆಕ್ಕವನ್ನೂ ಗೆಲಿಲಿಯೊ ಮಾಡಿದ. ನಿಮ್ಮ ಶಾಲೆಯ ಕಿಟಕಿಯ ಮೇಲಿನ ಸಜ್ಜಾ ಇಂಥದ್ದೇ. ತೊಲೆಯ ಅಗಲ ಎರಡರಷ್ಟಾದರೆ ಬಲ ಎರಡರಷ್ಟು, ಎತ್ತರ ಎರಡರಷ್ಟಾದರೆ ಬಲ ನಾಲ್ಕರಷ್ಟು ಎಂದು ಕಂಡುಕೊಂಡ. ಇದು ಸರಿ. ಆದರೆ ತೊಲೆಯ ಒಳಗಿನ ಎಳೆತ, ಒತ್ತಡಗಳನ್ನು ವಿವರಿಸುವಾಗ ಅವನು ತಪ್ಪಿದ. ಮುಂದೆ ಫ್ರಾನ್ಸಿನ ಪಾರೆಂಟ್ ಮತ್ತು ಕೂಲಂಬ್ ಆ ತಪ್ಪನ್ನು ತಿದ್ದಿದರು. ವಿಜ್ಞಾನ ಬೆಳೆಯುವುದು ಹೀಗೆಯೇ.

ಗೆಲಿಲಿಯೊ 1642ರ ಜನವರಿ 8ರಂದು ಬಂಧನದಲ್ಲಿಯೇ ತೀರಿಕೊಂಡ.

ಇಂದಿನ ಲೆಕ್ಕ

ಇಂದು ಎಂಜಿನಿಯರುಗಳು ಕಟ್ಟಡದ ಚೌಕಟ್ಟನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಬಲ ಲೆಕ್ಕ ಹಾಕುತ್ತಾರೆ. ಕಂಬ, ತೊಲೆಗಳ ಅಳತೆಯ ಜೊತೆಗೆ ಪ್ರತಿ ಆಸರೆಯ ಗುಣವನ್ನೂ ಅದಕ್ಕೆ ತಿಳಿಸಬೇಕು. ತುದಿ ಅಲುಗದಂತೆ ಹುದುಗಿದೆಯೇ? ಬಾಗಿಲಿನ ಕೀಲಿನಂತೆ ತಿರುಗಬಲ್ಲದೇ? ಉರುಳೆಯ ಮೇಲಿದ್ದಂತೆ ಸರಿಯಬಲ್ಲದೇ? ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಅನೇಕ ಸೇತುವೆಗಳ ಒಂದು ತುದಿಯನ್ನು ಸರಿಯಲು ಬಿಟ್ಟಿರುತ್ತಾರೆ. ಆಸರೆಯನ್ನೇ ತಿಳಿಸದಿದ್ದರೆ ಕಂಪ್ಯೂಟರಿಗೆ ಆ ತೊಲೆ ಗಾಳಿಯಲ್ಲಿ ತೇಲುವ ವಸ್ತು, ಲೆಕ್ಕ ಬಗೆಹರಿಯುವುದಿಲ್ಲ. ತಪ್ಪಾಗಿ ತಿಳಿಸಿದರೆ ಅಪಾಯ ಇನ್ನೂ ಹೆಚ್ಚು. ತಪ್ಪು ಉತ್ತರವೂ ಸರಿ ಉತ್ತರದಂತೆಯೇ ಪರದೆಯ ಮೇಲೆ ಮೂಡುತ್ತದೆ. ಹಾಗಾಗಿ ಆಸರೆಯನ್ನು ಅರಿಯುವ ಕೆಲಸ ಮನುಷ್ಯನದೇ.

ಮಾಡಿ ನೋಡಿ

ಒಂದೇ ಎತ್ತರದ ಪುಸ್ತಕಗಳ ಎರಡು ಅಟ್ಟಿ ಮಾಡಿ, ಮೇಲೆ 30 ಸೆಂ.ಮೀ. ಪ್ಲಾಸ್ಟಿಕ್ ಅಳತೆಪಟ್ಟಿ ಇಡಿ. ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ. ಈಗ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಬೀಳದಂತೆ ಹಿಡಿದು ಒತ್ತಿ. ಯಾವಾಗ ಹೆಚ್ಚು ಬಾಗಿತು? ನಂತರ ಪಟ್ಟಿಯನ್ನು ಮಲಗಿಸಿ, ನಡುವೆ ಮೂರನೆಯ ಅಟ್ಟಿ ಇಟ್ಟು, ಒಂದು ತುದಿಯ ಪುಸ್ತಕಗಳನ್ನು ತೆಗೆಯಿರಿ. ಇನ್ನೊಂದು ತುದಿಯನ್ನು ಹಿಡಿದುಕೊಂಡು, ಆಸರೆ ತಪ್ಪಿದ ತುದಿಯನ್ನು ಒತ್ತಿ. ಪಟ್ಟಿ ಎಲ್ಲಿ ಬಾಗುತ್ತದೆ ಎಂಬುದನ್ನು ಗಮನಿಸಿ, ಚಿತ್ರ ಬರೆಯಿರಿ.